ಮೇಣದ ಬಿಲ್ಲೆಯೊಂದು ಪರೇಲಿಗೆ ಹೋದ ದಾರಿ

ದಾದರ್ ನಿಲ್ದಾಣದಲ್ಲಿ ಇಳಿದಾಗ ಇನ್ನೂ ನಸುಕು. ಹಿಂದಿನ ಸಂಜೆ ವಿಜಯಪುರದಲ್ಲಿ ರೈಲು ಹತ್ತಿದಾಗಿನಿಂದ ನನ್ನ ಕೈ ಅಂಗಿಯ ಎಡಜೇಬನ್ನು ಮುಟ್ಟಿ ಮುಟ್ಟಿ ನೋಡುತ್ತಲೇ ಇತ್ತು. ಜೇಬಿನಲ್ಲಿದ್ದದ್ದು ದುಡ್ಡಲ್ಲ. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ, ತಳದಲ್ಲಿ ಜಾಲರಿಯಿರುವ ಒಂದು ಪ್ಲಾಸ್ಟಿಕ್ ಬಿಲ್ಲೆ. ಅದರ ಮೇಲೆ ಗಟ್ಟಿಯಾದ ಬಿಳಿ ಮೇಣ. ಮೇಣದೊಳಗೆ ರಾಗಿಕಾಳಿನಷ್ಟು ದೊಡ್ಡ ನಾಲ್ಕು ಕಂದು ಚುಕ್ಕೆ. ಅಂಚಿಗೆ ಪೆನ್ಸಿಲ್‌ನಲ್ಲಿ ಬರೆದ ಒಂದು ನಂಬರು. ಆ ಚುಕ್ಕೆಗಳು ನನ್ನ ದೊಡ್ಡಪ್ಪನ ಮಗನ ಗುದನಾಳದಿಂದ, ಎಂದರೆ ದೊಡ್ಡ ಕರುಳಿನ ಕೊನೆಯ ಗೇಣಿಗಿಂತ ತುಸು ಕಡಿಮೆ ಉದ್ದದ ಭಾಗದಿಂದ, ಚಿವುಟಿ ತೆಗೆದ ಮಾಂಸದ ಚೂರುಗಳು. ಆಸ್ಪತ್ರೆಯವರು ಇದನ್ನು ಬ್ಲಾಕ್ ಅನ್ನುತ್ತಾರೆ.

ಅಣ್ಣನಿಗೆ ನಲವತ್ತಾರು. ಮಲದಲ್ಲಿ ರಕ್ತ ಕಾಣಿಸಿಕೊಂಡು ಎಂಟು ತಿಂಗಳವರೆಗೂ ಅದು ಮೂಲವ್ಯಾಧಿ ಎಂದೇ ನಡೆಯಿತು. ಮುಲಾಮು ಆಯಿತು, ಗುಳಿಗೆ ಆಯಿತು, ಖಾರ ಬಿಟ್ಟದ್ದಾಯಿತು, ಮಜ್ಜಿಗೆ ಹೆಚ್ಚಿಸಿದ್ದಾಯಿತು. ಅಷ್ಟು ಕಡೆ ತೋರಿಸಿದರೂ ಒಬ್ಬರೂ ಕೈಗವಸು ಹಾಕಿಕೊಂಡು ಬೆರಳಿಟ್ಟು ನೋಡಿರಲಿಲ್ಲ. ಒಂದು ನಿಮಿಷದ ಕೆಲಸ ಅದು. ಯಂತ್ರ ಬೇಡ, ಖರ್ಚಿಲ್ಲ. ಗಡ್ಡೆ ಬೆರಳಿಗೆ ಸಿಗುವಷ್ಟು ಕೆಳಗೇ ಇತ್ತು ಎಂದು ಆಮೇಲೆ ತಿಳಿಯಿತು. ಬರೆಯುವಾಗ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಕೊನೆಗೆ ಕೊಲೊನೊಸ್ಕೋಪಿ ಆಯಿತು, ಬಯಾಪ್ಸಿ ಆಯಿತು, ಕ್ಯಾನ್ಸರ್ ಎಂದು ಕಾಗದದ ಮೇಲೆ ಬಂತು. ಫೈಲು ಹಿಡಿದು ಅಣ್ಣ, ಅವನ ಹೆಂಡತಿ ವೈನಿ, ನಾನು ಮುಂಬಯಿಗೆ ಬಂದೆವು. ಇಲ್ಲಿನವರು ಫೈಲು ತಿರುವಿ ಕೇಳಿದ ಮೊದಲ ಪ್ರಶ್ನೆ: ಸ್ಲೈಡು, ಬ್ಲಾಕು ಎಲ್ಲಿ? ಅವರಿಬ್ಬರನ್ನು ಧರ್ಮಶಾಲೆಯಲ್ಲಿ ಬಿಟ್ಟು ನಾನು ಊರಿಗೆ ವಾಪಸು ಓಡಿದೆ. ಬಯಾಪ್ಸಿ ನೋಡಿದ ಲ್ಯಾಬಿನಲ್ಲಿ, 'ರಿಪೋರ್ಟ್ ಕೊಟ್ಟೀವಲ್ರೀ, ಮತ್ತೇನ್ ಬೇಕು?' ಎಂದರು. ಅರ್ಜಿ ಬರೆದುಕೊಟ್ಟು ಸಂಜೆತನಕ ಬಾಗಿಲಲ್ಲಿ ನಿಂತೆ. ರಟ್ಟಿನ ಡಬ್ಬಿಯೊಂದರ ತಳದಲ್ಲಿ, ನೂರಾರು ಬಿಲ್ಲೆಗಳ ನಡುವೆ, ಅಣ್ಣನದು ಸಿಕ್ಕಿತು. ಅದು ನಮ್ಮದು, ಕೇಳಿ ಪಡೆಯಬಹುದು ಎನ್ನುವುದು ನಮಗೆ ಗೊತ್ತೇ ಇರಲಿಲ್ಲ.

ದಾದರ್‌ನಿಂದ ಪರೇಲ್ ಆಸ್ಪತ್ರೆಗೆ ಟ್ಯಾಕ್ಸಿ ಸಿಗುತ್ತದೆ. ನಾನು ನಡೆದೆ. ಹಿಂದಮಾತಾದ ಬಟ್ಟೆ ಅಂಗಡಿಗಳು ಇನ್ನೂ ಬಾಗಿಲು ತೆಗೆದಿರಲಿಲ್ಲ. ಒಂದು ಕಾಲಕ್ಕೆ ಗಿರಣಿಯ ಸೀಟಿಗೆ ಏಳುತ್ತಿದ್ದ ಪ್ರದೇಶವಿದು. ಈಗ ಇಲ್ಲಿ ಬೆಳಗು ಮಾಡುವವು ಆಸ್ಪತ್ರೆಗಳೇ: ಕೆಇಎಂ, ಮಕ್ಕಳ ವಾಡಿಯಾ, ಅವುಗಳ ಪಕ್ಕದಲ್ಲಿ ದೇಶದ ಮೂಲೆಮೂಲೆಯವರು 'ಟಾಟಾ' ಎಂದಷ್ಟೇ ಕರೆಯುವ ಟಾಟಾ ಮೆಮೋರಿಯಲ್. ಎದುರಿನ ರಸ್ತೆಗೆ ಇಲ್ಲೇ ಕೆಲಸ ಮಾಡಿದ ಶಸ್ತ್ರವೈದ್ಯ ಡಾ. ಅರ್ನೆಸ್ಟ್ ಬೋರ್ಜಸ್ ಅವರ ಹೆಸರು. ಆ ರಸ್ತೆಯ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಸಂಸಾರಗಳು ಆಗಷ್ಟೇ ಏಳುತ್ತಿದ್ದವು. ಒಬ್ಬಾಕೆ ಸ್ಟೊವ್ ಹಚ್ಚುತ್ತಿದ್ದಳು. ಮೂಗಿಗೆ ನಳಿಕೆ ಹಾಕಿಸಿಕೊಂಡ ಮುದುಕರೊಬ್ಬರು ಗೋಡೆಗೆ ಒರಗಿ ಕೂತು ಹಲ್ಲುಜ್ಜುತ್ತಿದ್ದರು. ಪ್ರತಿಯೊಬ್ಬರ ತಲೆದಿಂಬಿನ ಕೆಳಗೂ ಒಂದು ಫೈಲು ಇತ್ತು.

ಈ ಆಸ್ಪತ್ರೆಯ ಬೇರಿಗೆ ನಮ್ಮ ಕಡೆಯ ಮಣ್ಣೂ ಸ್ವಲ್ಪ ಅಂಟಿದೆ. ಮೆಹರ್‌ಬಾಯಿ ಟಾಟಾ ಬೆಳೆದದ್ದು ಮೈಸೂರು ಸಂಸ್ಥಾನದಲ್ಲಿ. ಅವರ ತಂದೆ ಹೊರ್ಮಸ್‌ಜಿ ಭಾಭಾ ಅಲ್ಲಿ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದರು. ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿಗೆ ಬಲಿಯಾದರು. ಮರುವರ್ಷವೇ ಪತಿ ದೊರಾಬ್ಜಿ ಟಾಟಾ ತೀರಿಕೊಂಡರು. ದೊರಾಬ್ಜಿಯವರ ಟ್ರಸ್ಟು 1941ರ ಫೆಬ್ರುವರಿ 28ರಂದು ಈ ಆಸ್ಪತ್ರೆಯನ್ನು ತೆರೆಯಿತು. 1962ರಲ್ಲಿ ಇದು ಅಣುಶಕ್ತಿ ಇಲಾಖೆಯ ಕೈಗೆ ಬಂತು. ಆಗ ಆ ಇಲಾಖೆಯನ್ನು ನಡೆಸುತ್ತಿದ್ದವರು ಹೋಮಿ ಭಾಭಾ; ಮೆಹರ್‌ಬಾಯಿ ಅವರಿಗೆ ಸೋದರತ್ತೆ. ಮನೆಯೊಂದರ ದುಃಖ ಇಷ್ಟು ದೊಡ್ಡ ಸಾರ್ವಜನಿಕ ಆಸರೆಯಾಗಿ ಬೆಳೆದದ್ದನ್ನು ನೆನೆದರೆ ಆ ಹಳೆಯ ಕಟ್ಟಡದ ಕಡೆ ಕೈ ತಾನಾಗಿ ಮುಗಿಯುತ್ತದೆ.

ಎಂಟು ಗಂಟೆಗೆ ಒಳಗೆ ಕಾಲಿಡಲು ಜಾಗವಿಲ್ಲ. ಬಂಗಾಳಿ, ಭೋಜಪುರಿ, ಮರಾಠಿ, ಒಡಿಯಾ. ನಡುವೆ ಎಲ್ಲೋ ಒಂದು 'ಯವ್ವಾ, ಈ ಕಡೆ ಬಾ'. ಯಾವ ಕೌಂಟರ್‌ಗೆ ಹೋಗಬೇಕೆಂದು ತಿಳಿಯದೆ ನಿಂತಿದ್ದ ನನ್ನ ಬಳಿಗೆ ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗಿಯೊಬ್ಬಳು ಬಂದಳು. ಇವರನ್ನು ಇಲ್ಲಿ 'ಕೇವಟ' ಅನ್ನುತ್ತಾರೆ. ರಾಮನನ್ನು ಗಂಗೆ ದಾಟಿಸಿದ ಅಂಬಿಗನ ಹೆಸರು. ರೋಗಿಯ ಕೈಹಿಡಿದು ವಿಭಾಗದಿಂದ ವಿಭಾಗಕ್ಕೆ ದಾಟಿಸುವುದೇ ಇವರ ಕೆಲಸ. ಅದಕ್ಕೆಂದೇ ಒಂದು ವರ್ಷದ ತರಬೇತಿ ಪಡೆದು ಬಂದವರು. ಆ ಹುಡುಗಿ ಫೈಲು ನೋಡಿದಳು, ನನ್ನ ಜೇಬಿನ ಕಡೆ ಬೆರಳು ಮಾಡಿ ಹಿಂದಿಯಲ್ಲಿ, 'ತಂದಿರಾ? ಹಾಗಾದರೆ ಅರ್ಧ ಕೆಲಸ ಮುಗಿಯಿತು' ಎಂದಳು.

ಬ್ಲಾಕ್ ಒಪ್ಪಿಸುವ ಕೌಂಟರಿನಲ್ಲಿ ನನ್ನ ಮುಂದೆ ಹದಿನೈದು ಜನ. ಕೆಲವರ ಕೈಯಲ್ಲಿ ಸ್ಲೈಡಿನ ಪುಟ್ಟ ಪೆಟ್ಟಿಗೆ, ಒಬ್ಬರದು ಹಳೆಯ ಔಷಧದ ಡಬ್ಬಿಯಲ್ಲಿ, ಒಬ್ಬಾಕೆ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ನನ್ನದನ್ನು ಪಡೆದವರು ನಂಬರು ಹೊಂದಿಸಿ ನೋಡಿ ಚೀಟಿ ಕೊಟ್ಟರು. ಜೇಬು ಹಗುರಾಯಿತು. ಮನಸ್ಸು ಆಗಲಿಲ್ಲ.

ಆ ಬಿಲ್ಲೆ ಮುಂದೆ ಏನಾಗುತ್ತದೆ ಎಂದು ನೋಡುವ ಆಸೆ ನನ್ನದು. ಬರೆಯುವವನೆಂದು ಹೇಳಿ ಕೇಳಿಕೊಂಡದ್ದಕ್ಕೆ ಎರಡು ದಿನ ಬಿಟ್ಟು ಪೆಥಾಲಜಿ ವಿಭಾಗದಲ್ಲಿ ಒಂದು ಗಂಟೆ ನಿಲ್ಲಲು ಬಿಟ್ಟರು.

ಮೊದಲ ಕೋಣೆಯಲ್ಲಿ ತಣ್ಣನೆಯ ಮೇಣದ ವಾಸನೆ. ತಂತ್ರಜ್ಞೆಯೊಬ್ಬರು ಬಿಲ್ಲೆಯನ್ನು ಮೈಕ್ರೊಟೋಮ್‌ಗೆ ಕಚ್ಚಿಸಿ ಚಕ್ರ ತಿರುಗಿಸುತ್ತಿದ್ದರು. ಒಂದೊಂದು ಸುತ್ತಿಗೂ ಬ್ಲೇಡಿನ ಅಂಚಿನಿಂದ ಈರುಳ್ಳಿಯ ಒಳಪೊರೆಗಿಂತ ತೆಳ್ಳಗಿನ ಪಟ್ಟಿ ಈಚೆ ಬರುತ್ತಿತ್ತು. ನಾಲ್ಕು ಮೈಕ್ರಾನ್ ದಪ್ಪ. ತಲೆಗೂದಲಿನ ದಪ್ಪದ ಹದಿನೈದಿಪ್ಪತ್ತರಲ್ಲಿ ಒಂದು ಪಾಲು. ಉಸಿರು ತಾಗಿದರೂ ಮುದುಡುತ್ತದೆ. ಆಕೆ ಅದನ್ನು ಕುಂಚದ ತುದಿಯಲ್ಲಿ ಎತ್ತಿ ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟರು. ನೀರಿನ ಮೇಲೆ ಅದು ಸುಕ್ಕು ಬಿಡಿಸಿಕೊಂಡು ಹರಡಿತು. ಗಾಜಿನ ಪಟ್ಟಿಯನ್ನು ನೀರಿನೊಳಗಿಳಿಸಿ ಅಡಿಯಿಂದ ಅದನ್ನು ಎತ್ತಿಕೊಂಡರು. ಕೆರೆಯಿಂದ ಎಲೆಯನ್ನು ಅಂಗೈಯಲ್ಲಿ ಎತ್ತಿದ ಹಾಗೆ. 'ಊರಿನ ಲ್ಯಾಬಿನವರು ಫಾರ್ಮಲಿನ್‌ನಲ್ಲಿ ಸರಿಯಾದ ಹೊತ್ತು ನೆನೆಸಿದ್ದರೆ ಇದು ಎಷ್ಟು ವರ್ಷವಾದರೂ ಮಾತಾಡುತ್ತದೆ,' ಎಂದರು. 'ಕಡಿಮೆ ನೆನೆದರೂ ಕಷ್ಟ, ವಾರಗಟ್ಟಲೆ ನೆನೆದರೂ ಕಷ್ಟ.' ಬಳ್ಳಾರಿ, ಬಲಿಯಾ, ಭಾಗಲ್ಪುರ ಎಲ್ಲೇ ಆಗಲಿ, ಮೊದಲ ದಿನ ಸಣ್ಣ ಊರಿನ ಸಣ್ಣ ಲ್ಯಾಬಿನಲ್ಲಿ ಆಗುವ ಕೆಲಸದ ಮೇಲೆ ಮುಂದಿನದೆಲ್ಲ ನಿಂತಿದೆ ಎನ್ನುವುದು ಆ ಕೋಣೆಯಲ್ಲಿ ನನಗೆ ಮನದಟ್ಟಾಯಿತು.

ಮುಂದಿನ ಕೋಣೆಯಲ್ಲಿ ಹಿರಿಯ ಪೆಥಾಲಜಿಸ್ಟ್ ಒಬ್ಬರು ಎರಡು ಜೋಡಿ ಕಣ್ಣುಗಳ ಸೂಕ್ಷ್ಮದರ್ಶಕದ ಇನ್ನೊಂದು ಬದಿಯಲ್ಲಿ ನನ್ನನ್ನು ಕೂರಿಸಿಕೊಂಡರು. ಮೊದಲು ತೋರಿಸಿದ್ದು ಬೇರೆ ಯಾರದೋ ಗಡ್ಡೆ. ಉಬ್ಬಿದ ಜೀವಕೋಶಗಳು, ಒಳಗೆಲ್ಲ ಲೋಳೆ ತುಂಬಿ, ನ್ಯೂಕ್ಲಿಯಸ್ ಒಂದು ಅಂಚಿಗೆ ಒತ್ತರಿಸಿ ಕೂತಿದೆ. ಥೇಟ್ ಮುದ್ರೆಯುಂಗುರದ ಆಕಾರ. ಹೆಸರೂ ಅದೇ, ಸಿಗ್ನೆಟ್ ರಿಂಗ್. ರಾಮಾಯಣದ ಮುದ್ರೆಯುಂಗುರ ಭರವಸೆ ಹೊತ್ತು ಬಂದದ್ದು. ಇದು ಹಟಮಾರಿ ರೋಗದ ಗುರುತು. ಪಶ್ಚಿಮದ ದೇಶಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ನೂರು ರೋಗಿಗಳಲ್ಲಿ ಹೆಚ್ಚುಕಡಿಮೆ ಒಬ್ಬರಲ್ಲಿ ಇದು ಕಾಣುತ್ತದೆ. 2013–14ರ ಒಂದು ವರ್ಷದಲ್ಲಿ ಈ ಆಸ್ಪತ್ರೆಗೆ ಬಂದ ಇದೇ ಕ್ಯಾನ್ಸರಿನ 800 ಜನರ ಲೆಕ್ಕ ತೆಗೆದಾಗ ನೂರಕ್ಕೆ ಸುಮಾರು 13 ಜನರಲ್ಲಿ ಕಂಡಿತು. ಆ 800 ಜನರ ಸರಾಸರಿ ವಯಸ್ಸು 47. ಅಮೆರಿಕ, ಯುರೋಪಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅರವತ್ತು ದಾಟಿದವರ ಕಾಯಿಲೆ ಎಂದೇ ಹೆಸರಾಗಿದೆ. ನಮ್ಮಲ್ಲಿ ಇದು ಬರುವವರ ಪ್ರಮಾಣ ಕಡಿಮೆ ನಿಜ. 2022ರಲ್ಲಿ ಜಗತ್ತಿನಾದ್ಯಂತ 19 ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳಲ್ಲಿ ಭಾರತದವರು 70 ಸಾವಿರದ ಆಸುಪಾಸು. ಆದರೆ ಬಂದವರು ಚಿಕ್ಕ ವಯಸ್ಸಿನವರು, ತಡವಾಗಿ ಬಂದವರು. ಅಣ್ಣ ಆ ಸರಾಸರಿಯ ಪಕ್ಕದಲ್ಲೇ ನಿಂತಿದ್ದಾನೆ. ಅಂದಮೇಲೆ 'ಇಷ್ಟು ಸಣ್ಣ ವಯಸ್ಸಿಗೆ ಕ್ಯಾನ್ಸರ್ ಹೇಗಾದೀತು, ಮೂಲವ್ಯಾಧಿಯೇ ಇರಬೇಕು' ಎನ್ನುವ ಮಾತಿಗೆ ನಮ್ಮ ದೇಶದಲ್ಲಂತೂ ಬುಡವಿಲ್ಲ.

ಆಮೇಲೆ ಅವರು ಅಣ್ಣನ ನಾಲ್ಕು ಸ್ಲೈಡುಗಳನ್ನು ಸಾಲಾಗಿ ಇಟ್ಟರು. ಈ ನಾಲ್ಕರ ಸಲುವಾಗಿಯೇ ಬ್ಲಾಕ್ ಬೇಕಾಗಿದ್ದದ್ದು.

ನಮ್ಮ ಮೈಯ ಜೀವಕೋಶ ಒಂದು ಎರಡಾಗುವಾಗ ಡಿಎನ್‌ಎಯ ಅಷ್ಟೂ ಅಕ್ಷರಗಳನ್ನು ನಕಲು ಮಾಡಬೇಕು. ನಕಲಿನಲ್ಲಿ ತಪ್ಪಾಗುತ್ತದೆ. ಪತ್ರಿಕಾ ಕಚೇರಿಯಲ್ಲಿ ಕರಡಚ್ಚು ತಿದ್ದುವವರಿದ್ದ ಹಾಗೆ ಜೀವಕೋಶದಲ್ಲೂ ತಿದ್ದುವ ಪ್ರೋಟೀನುಗಳಿವೆ. ಮುಖ್ಯವಾದವು ನಾಲ್ಕು: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಎರಡೆರಡರ ಜೋಡಿಯಾಗಿ ಕೆಲಸ ಮಾಡುತ್ತವೆ. ಜೋಡಿಯಲ್ಲಿ ಮುಖ್ಯವಾದದ್ದು ಹೋದರೆ ಇನ್ನೊಂದೂ ಉಳಿಯುವುದಿಲ್ಲ. ಸ್ಲೈಡಿಗೆ ಬಣ್ಣ ಕಟ್ಟಿದಾಗ ಪ್ರೋಟೀನು ಇದ್ದರೆ ನ್ಯೂಕ್ಲಿಯಸ್ ಕಂದಾಗುತ್ತದೆ. ಇಲ್ಲದಿದ್ದರೆ ತಿಳಿನೀಲಿಯಾಗಿಯೇ ಉಳಿಯುತ್ತದೆ. ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು ಹದಿನೈದರಲ್ಲಿ ಈ ತಿದ್ದುಪಡಿ ಕೆಟ್ಟಿರುತ್ತದೆ. ಬೇರೆ ಅಂಗಗಳಿಗೆ ಹರಡಿದ ರೋಗದಲ್ಲಾದರೆ ಐದರಷ್ಟು.

ತಿದ್ದುವವರಿಲ್ಲದ ಗಡ್ಡೆಯಲ್ಲಿ ತಪ್ಪುಗಳು ಸಾವಿರಗಟ್ಟಲೆ ಬೆಳೆಯುತ್ತವೆ. ಆ ತಪ್ಪುಗಳಿಂದಾಗಿಯೇ ಗಡ್ಡೆ ಮೈಗೆ ಪರಕೀಯವಾಗಿ ಕಾಣತೊಡಗುತ್ತದೆ, ರೋಗನಿರೋಧಕ ಕಣಗಳು ಅದರ ಸುತ್ತ ಮುತ್ತಿಗೆ ಹಾಕುತ್ತವೆ. ಆದರೆ ಗಡ್ಡೆ ಆ ಕಣಗಳ ಬ್ರೇಕನ್ನು ಒತ್ತಿ ಹಿಡಿದಿರುತ್ತದೆ. ಬ್ರೇಕು ಬಿಡಿಸುವ ಔಷಧ ಕೊಟ್ಟರೆ? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯರು 2015ರಲ್ಲಿ ಪೆಂಬ್ರೋಲಿಜುಮಾಬ್ ಕೊಟ್ಟು ತೋರಿಸಿದರು: ತಿದ್ದುಪಡಿ ಕೆಟ್ಟ ಗಡ್ಡೆಗಳು ಕರಗಿದವು, ಸರಿಯಿದ್ದವು ಜಗ್ಗಲಿಲ್ಲ. 2017ರಲ್ಲಿ ಅಲ್ಲಿನ ಸರ್ಕಾರ ಆ ಔಷಧಕ್ಕೆ, ಗಡ್ಡೆ ಯಾವ ಅಂಗದಲ್ಲೇ ಇರಲಿ, ಈ ಒಂದು ಗುಣ ನೋಡಿ ಕೊಡಬಹುದು ಎಂದು ಒಪ್ಪಿಗೆ ನೀಡಿತು. ಅಂಗದ ಹೆಸರಿಲ್ಲದೆ ಕ್ಯಾನ್ಸರಿನ ಔಷಧವೊಂದು ಒಪ್ಪಿಗೆ ಪಡೆದದ್ದು ಅದೇ ಮೊದಲು. 2022ರಲ್ಲಿ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಆಂಡ್ರಿಯಾ ಸೆರ್ಸೆಕ್ ಮತ್ತು ಲೂಯಿಸ್ ಡಯಾಜ್ ಇನ್ನೂ ಮುಂದೆ ಹೋದರು. ಗುದನಾಳದ ಕ್ಯಾನ್ಸರಿನ ಇಂಥ 12 ರೋಗಿಗಳಿಗೆ ದೋಸ್ಟಾರ್ಲಿಮಾಬ್ ಎಂಬ ಔಷಧವನ್ನು ಮೂರು ವಾರಕ್ಕೊಮ್ಮೆ, ಆರು ತಿಂಗಳು ಕೊಟ್ಟರು. ಹನ್ನೆರಡೂ ಜನರ ಗಡ್ಡೆ ಮಾಯವಾಯಿತು. ಶಸ್ತ್ರಚಿಕಿತ್ಸೆ ಇಲ್ಲ, ರೇಡಿಯೇಶನ್ ಇಲ್ಲ, ಕಿಮೋ ಇಲ್ಲ. 2025ರ ಹೊತ್ತಿಗೆ ಚಿಕಿತ್ಸೆ ಮುಗಿಸಿದ ಗುದನಾಳದ 49 ರೋಗಿಗಳಲ್ಲಿ 49 ಜನರದ್ದೂ ಅದೇ ಫಲ. ಕ್ಯಾನ್ಸರಿನ ಚರಿತ್ರೆಯಲ್ಲಿ ಇಂಥ ಅಂಕಿ ಅಪರೂಪದಲ್ಲಿ ಅಪರೂಪ.

ಇದನ್ನೆಲ್ಲ ಓದಿಕೊಂಡೇ ಬಂದಿದ್ದ ನಾನು ಆ ನಾಲ್ಕು ಸ್ಲೈಡುಗಳಲ್ಲಿ ನೀಲಿಯನ್ನೇ ಹುಡುಕಿದೆ. ಪೆಥಾಲಜಿಸ್ಟ್ ಒಂದೊಂದಾಗಿ ತೋರಿಸಿದರು. ಕಂದು. ಕಂದು. ಕಂದು. ಕಂದು. 'ನಾಲ್ಕೂ ಇವೆ,' ಎಂದರು, ಮೆಲ್ಲಗೆ. ಮೈಯಲ್ಲಿ ಇರಬೇಕಾದದ್ದೆಲ್ಲ ಇದೆ ಎಂಬ ಸುದ್ದಿ ಕೇಳಿ ಎದೆ ಕುಸಿಯುವುದು ಹೀಗೂ ಉಂಟು. ಗುದನಾಳದ ಗಡ್ಡೆಗಳಲ್ಲಿ ಬಹುಪಾಲು ಹೀಗೇ ಇರುತ್ತವೆ ಎಂದು ಅವರು ಸಮಾಧಾನ ಹೇಳಿದರು. 'ಈಗ ಒಂದು ದಾರಿ ಅಲ್ಲ ಎಂದು ಗೊತ್ತಾಯಿತಲ್ಲ. ಅದೂ ಚಿಕಿತ್ಸೆಯ ಭಾಗವೇ.' ಉಪಯೋಗವಿಲ್ಲದ ಔಷಧಕ್ಕೆ ಹೊಲ ಮಾರುವುದು ತಪ್ಪಿತು ಎಂದು ಅರ್ಥ ಮಾಡಿಕೊಂಡೆ. ಒಂದೊಂದು ಡ್ರಿಪ್ಪಿಗೂ ಲಕ್ಷಗಟ್ಟಲೆ ಬೇಡುವ ಔಷಧಗಳಿವು. ಇದೇ ಆಸ್ಪತ್ರೆಯ ವೈದ್ಯರು ತಲೆ–ಕತ್ತಿನ ಕ್ಯಾನ್ಸರಿನಲ್ಲಿ ಇದೇ ಜಾತಿಯ ನಿವೊಲುಮಾಬ್ ಔಷಧವನ್ನು ಮಾಮೂಲಿ ಪ್ರಮಾಣದ ಹತ್ತರಲ್ಲೊಂದಕ್ಕಿಂತ ಕಡಿಮೆ, ಬರೀ 20 ಮಿಲಿಗ್ರಾಂ, ಕೊಟ್ಟು ನೋಡಿದ್ದಾರೆ. ಒಂದು ವರ್ಷ ಬದುಕಿದವರು ನೂರಕ್ಕೆ 16 ಇದ್ದದ್ದು 43ಕ್ಕೆ ಏರಿತು. ಬಡ ದೇಶದ ವಿಜ್ಞಾನ ಹುಡುಕಬೇಕಾದ ಪ್ರಶ್ನೆ ಇದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ: ಎಷ್ಟು ಕಡಿಮೆ ಕೊಟ್ಟರೆ ಸಾಕು?

ಹೊರಗಿನ ಬೆಂಚಿನಲ್ಲಿ ಝಾರ್ಖಂಡಿನ ಹುಡುಗನೊಬ್ಬ ತಾಯಿಯ ಜೊತೆ ಕೂತಿದ್ದ. ಇಪ್ಪತ್ತೆಂಟು ವಯಸ್ಸು. ಅವನ ಸ್ಲೈಡಿನಲ್ಲಿ ಎಂಎಸ್‌ಎಚ್2 ಇರಲಿಲ್ಲ. ಅಪ್ಪ ಕರುಳಿನ ಕ್ಯಾನ್ಸರಿನಲ್ಲಿ, ಅತ್ತೆ ಗರ್ಭಕೋಶದ ಕ್ಯಾನ್ಸರಿನಲ್ಲಿ ಹೋದವರು. ತಿದ್ದುವ ಪ್ರೋಟೀನಿನ ದೋಷ ಹೀಗೆ ವಂಶದಲ್ಲಿ ಇಳಿದುಬರುವುದಕ್ಕೆ ಲಿಂಚ್ ಸಿಂಡ್ರೋಮ್ ಎಂದು ಹೆಸರು. 1895ರಲ್ಲಿ ಅಮೆರಿಕದ ಆನ್ ಆರ್ಬರ್‌ನಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳು ಆಲ್ಡ್ರೆಡ್ ವಾರ್ತಿನ್ ಎಂಬ ಪೆಥಾಲಜಿಸ್ಟ್ ಎದುರು, ನಮ್ಮ ಮನೆಯವರೆಲ್ಲ ಹೋದ ಹಾಗೆ ನಾನೂ ಹೋಗುವವಳೇ ಎಂದು ಹೇಳಿಕೊಂಡಳು, ಹಾಗೆಯೇ ಆಯಿತು. ವಾರ್ತಿನ್ ಆ ಮನೆತನದ ವಂಶವೃಕ್ಷ ಬರೆದು 1913ರಲ್ಲಿ ಪ್ರಕಟಿಸಿದರು. ಅರ್ಧ ಶತಮಾನದ ಬಳಿಕ ಒಮಾಹಾದ ಹೆನ್ರಿ ಲಿಂಚ್ ಅದನ್ನು ಮುಂದುವರಿಸಿದರು. ಇಂದು ಆ ಹುಡುಗನ ತಂಗಿ, ತಮ್ಮಂದಿರಿಗೆ ರಕ್ತ ಪರೀಕ್ಷೆ ಮಾಡಿ ಯಾರಿಗೆ ಆ ದೋಷ ಇಳಿದಿದೆ, ಯಾರಿಗೆ ಇಲ್ಲ ಎಂದು ಹೇಳಬಹುದು. ಇಳಿದವರಿಗೆ ಇಪ್ಪತ್ತು ದಾಟಿದ ಮೇಲೆ ವರ್ಷ–ಎರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ. ಮೊಳಕೆಯಲ್ಲೇ ಕಂಡರೆ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಈ ವಂಶವಾಹಿ ಕ್ಯಾನ್ಸರುಗಳ ಅಧ್ಯಯನಕ್ಕೆಂದೇ ಖಾರ್ಘರ್‌ನಲ್ಲಿರುವ ಟಾಟಾದ ಸಂಶೋಧನಾ ಕೇಂದ್ರ ಆಕ್ಟ್ರೆಕ್‌ನಲ್ಲಿ ಒಂದು ಘಟಕವಿದೆ. ಹುಡುಗ ಅಲ್ಲಿಗೆ ಹೋಗುವ ದಾರಿ ಕೇಳುತ್ತಿದ್ದ. ತಾಯಿ ನೆಲ ನೋಡುತ್ತ ಕೂತಿದ್ದರು. ದೋಷ ಬಂದದ್ದು ಗಂಡನ ಕಡೆಯಿಂದ ಎಂದು ತಿಳಿದರೂ ತಾನೇ ತಪ್ಪು ಮಾಡಿದವರ ಹಾಗೆ.

ಬ್ಲಾಕಿನ ಚೂರಿನಿಂದ ವಂಶವಾಹಿಗಳನ್ನು ಓದುವ ಯಂತ್ರ ನೋಡಲು ಫ್ರಿಜ್ಜಿನ ಹಾಗಿದೆ, ಅದರಲ್ಲಿ ಕಣ್ಣಿಗೆ ಕಾಣುವಂಥದ್ದೇನಿಲ್ಲ. ಅದು ಓದುವುದು ಮಾತ್ರ ದೊಡ್ಡದು. ಹರಡಿದ ಕರುಳಿನ ಕ್ಯಾನ್ಸರಿಗೆ ಸೆಟುಕ್ಸಿಮಾಬ್ ಎಂಬ ಔಷಧವನ್ನು ಹಿಂದೆ ಎಲ್ಲರಿಗೂ ಕೊಡುತ್ತಿದ್ದರು. ಕೆಆರ್‌ಎಎಸ್ ಎಂಬ ವಂಶವಾಹಿ ಕೆಟ್ಟಿರುವವರಿಗೆ ಅದು ನಾಟುವುದೇ ಇಲ್ಲ ಎಂದು 2008ರಲ್ಲಿ ಖಚಿತವಾಯಿತು. ನೂರಕ್ಕೆ ನಲವತ್ತು ಜನ! ಅಷ್ಟೂ ಜನ ದುಡ್ಡು ಕೊಟ್ಟು, ಮುಖದ ತುಂಬ ಗುಳ್ಳೆ ಎಬ್ಬಿಸಿಕೊಂಡು, ಫಲ ಕಾಣದೆ ಹೋಗಿದ್ದರು. ಕೆಆರ್‌ಎಎಸ್ ಪ್ರೋಟೀನಿನ ಮೈ ನುಣುಪು, ಔಷಧ ಹಿಡಿದುಕೊಳ್ಳಲು ಜಾಗವೇ ಇಲ್ಲ ಎಂದು ಮೂವತ್ತು ವರ್ಷ ಕೈಚೆಲ್ಲಿದ್ದರು. 2013ರಲ್ಲಿ ಕ್ಯಾಲಿಫೋರ್ನಿಯಾದ ಕೆವನ್ ಶೋಕತ್ ಅವರ ತಂಡ ಅದರ ಒಂದು ಬಗೆಯಲ್ಲಿ ಸಣ್ಣದೊಂದು ಪೊಟರೆ ಹುಡುಕಿತು. ಆ ಪೊಟರೆಗೆ ಕೂರುವ ಅಡಗ್ರಾಸಿಬ್ ಔಷಧ, ಸೆಟುಕ್ಸಿಮಾಬ್ ಜೊತೆಗೂಡಿ, 2024ರಲ್ಲಿ ಅಮೆರಿಕದಲ್ಲಿ ಕರುಳಿನ ಕ್ಯಾನ್ಸರಿಗೆ ಒಪ್ಪಿಗೆ ಪಡೆಯಿತು. ಅದು ಹೊಂದುವುದು ನೂರರಲ್ಲಿ ಮೂರು ನಾಲ್ಕು ಜನರಿಗೆ. ಆ ಮೂರು ನಾಲ್ಕು ಜನ ಯಾರೆಂದು ಹೇಳಬೇಕಾದದ್ದು ಮತ್ತೆ ಅದೇ ಮೇಣದ ಬಿಲ್ಲೆ.

ಆಮೇಲೆ ಜಾಯಿಂಟ್ ಕ್ಲಿನಿಕ್. ಎಂದರೆ ಶಸ್ತ್ರವೈದ್ಯರು, ಕಿಮೋ ವೈದ್ಯರು, ರೇಡಿಯೇಶನ್ ವೈದ್ಯರು, ಸ್ಕ್ಯಾನ್ ಓದುವವರು ಒಟ್ಟಿಗೆ ಕೂತು ರೋಗಿಯ ದಾರಿ ಗೊತ್ತುಮಾಡುವ ಜಾಗ. ಅಣ್ಣನ ಎಂಆರ್‌ಐ ಪರದೆಯ ಮೇಲೆ ಬಂತು. ಲಿವರ್ ಚೊಕ್ಕ, ಶ್ವಾಸಕೋಶ ಚೊಕ್ಕ. ಗಡ್ಡೆ ಕರುಳಿನ ಗೋಡೆ ದಾಟಿದೆ, ಸುತ್ತಲಿನ ಕೊಬ್ಬಿನ ಹೊದಿಕೆಯನ್ನು ದಾಟಿಲ್ಲ. ಮೊದಲು ರೇಡಿಯೇಶನ್, ಆಮೇಲೆ ಕಿಮೋ, ಆಮೇಲೆ ಆಪರೇಷನ್ ಎಂದರು. ರೇಡಿಯೇಶನ್ ಅಂದರೆ ನಮ್ಮ ಕಡೆ 'ಕರೆಂಟ್ ಕೊಡೂದು'. ಐದು ವಾರ ದಿನಾ ಕೊಡುವುದು ಒಂದು ಪದ್ಧತಿ. ಐದೇ ದಿನದಲ್ಲಿ ದೊಡ್ಡ ಪ್ರಮಾಣ ಕೊಟ್ಟು ಮುಗಿಸಿ ಕಿಮೋ ಆರಂಭಿಸುವುದು ಇನ್ನೊಂದು. ವೈದ್ಯರು ಅಣ್ಣನನ್ನು ಕೇಳಿದ ಪ್ರಶ್ನೆ ಕರುಳಿನದಲ್ಲ: 'ಮುಂಬಯಿಯಲ್ಲಿ ಎಲ್ಲಿ ಉಳಿದಿದ್ದೀರಿ? ಎಷ್ಟು ದಿನ ಇರಬಲ್ಲಿರಿ?' ದಾದರ್‌ನ ಗಾಡ್ಗೆ ಮಹಾರಾಜರ ಧರ್ಮಶಾಲೆ ಎಂದೆವು. ಐದು ದಿನದ್ದು ಗೊತ್ತಾಯಿತು. ಕಿಮೋವನ್ನು ನಮ್ಮ ಕಡೆಯೇ ಪಡೆಯಬಹುದು, ಚೀಟಿ ಬರೆದುಕೊಡುತ್ತೇವೆ ಎಂದರು. ಟಾಟಾದ ನೇತೃತ್ವದಲ್ಲಿ 2012ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನಲ್ಲಿ ಈಗ ಬೆಂಗಳೂರಿನ ಕಿದ್ವಾಯಿ ಸೇರಿ ಮುನ್ನೂರಕ್ಕೂ ಹೆಚ್ಚು ಸಂಸ್ಥೆಗಳಿವೆ. ಎಲ್ಲೆಡೆ ಒಂದೇ ಬಗೆಯ ಚಿಕಿತ್ಸಾಕ್ರಮ ಸಿಗಲಿ ಎನ್ನುವುದೇ ಅದರ ಉದ್ದೇಶ.

'ಆಪರೇಷನ್ ಬ್ಯಾಡ ಅಂದ್ರ ನಡೀತೈತೇನ್ರೀ?' ಎಂದು ಅಣ್ಣ ಕೇಳಿದ. ನಾನು ಹಿಂದಿಗೆ ತಿರುಗಿಸಿದೆ. ಶಸ್ತ್ರವೈದ್ಯರು ನಗಲಿಲ್ಲ, ಗದರಲಿಲ್ಲ. ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಆಂಜೆಲಿಟಾ ಹಾಬ್ರ್-ಗಾಮಾ ಎಂಬ ಶಸ್ತ್ರವೈದ್ಯೆ ಇದೇ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವರು. ರೇಡಿಯೇಶನ್, ಕಿಮೋ ಆದಮೇಲೆ ಗಡ್ಡೆ ಪೂರ್ತಿ ಕರಗಿದ್ದರೆ ಕತ್ತರಿ ಹಾಕದೆ ಕಾದು ನೋಡಬಹುದು ಎಂದು 2004ರಲ್ಲಿ ಅವರು ತಮ್ಮ ರೋಗಿಗಳ ಲೆಕ್ಕ ಮುಂದಿಟ್ಟಾಗ ಬಹಳ ಜನ ನಂಬಲಿಲ್ಲ. ಇಂದು ಜಗತ್ತಿನ ಹಲವು ದೊಡ್ಡ ಆಸ್ಪತ್ರೆಗಳು ಆಯ್ದ ರೋಗಿಗಳಿಗೆ ಅದನ್ನು ಪಾಲಿಸುತ್ತಿವೆ. 'ಕರಗಿದರೆ ನೋಡೋಣ. ಆದರೆ ಮೂರು ತಿಂಗಳಿಗೊಮ್ಮೆ ತಪ್ಪದೆ ಬರುವವರಿಗೆ ಮಾತ್ರ ಅದು,' ಎಂದರು ವೈದ್ಯರು. ಅಣ್ಣ ತಲೆಯಾಡಿಸಿದ. ವೈನಿ ಮೊದಲ ಬಾರಿಗೆ ನೀರು ಕುಡಿದರು.

ಕಿಮೋ ಕೊಡುವ ಡೇ ಕೇರ್‌ನಲ್ಲಿ ಸಾಲುಗಟ್ಟಿದ ಕುರ್ಚಿಗಳು, ಪ್ರತಿ ಕುರ್ಚಿಗೂ ಒಂದು ಬಾಟಲಿ. ಆಕ್ಸಾಲಿಪ್ಲಾಟಿನ್ ಪಡೆಯುವವರಿಗೆ ತಣ್ಣೀರು ಮುಟ್ಟಿದರೂ ಬೆರಳಲ್ಲಿ ಮುಳ್ಳು ಚುಚ್ಚುತ್ತದೆ, ಗಂಟಲು ಬಿಗಿಯುತ್ತದೆ. ಫ್ರಿಜ್ಜಿನ ನೀರು ಬೇಡ ಎಂದು ನರ್ಸ್ ಹೇಳಿದಾಗ ವೈನಿ, 'ಗಡಿಗಿ ನೀರು?' ಎಂದು ಕೇಳಿದರು. ಅದೂ ಬೇಡ, ಕಾಸಿದ್ದೇ ಕೊಡಿ. ಕ್ಯಾಪಿಸಿಟಾಬಿನ್ ಗುಳಿಗೆಯ ವಿಚಾರ ಬೇರೆ. ಅದನ್ನು ಅರಗಿಸುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಮಾಮೂಲಿ ಪ್ರಮಾಣವೇ ವಿಷವಾಗಿ, ಬಾಯಿ ಹುಣ್ಣಾಗಿ, ಭೇದಿ ಹತ್ತಿ ಪ್ರಾಣಕ್ಕೇ ಬರಬಹುದು. ಡಿಪಿವೈಡಿ ಎಂಬ ವಂಶವಾಹಿಯನ್ನು ನೋಡಿದರೆ ಮೊದಲೇ ತಿಳಿಯುತ್ತದೆ. ಯುರೋಪಿನ ಔಷಧ ಸಂಸ್ಥೆ 2020ರಿಂದ ಈ ಪರೀಕ್ಷೆ ಮಾಡಿಸಿಯೇ ಔಷಧ ಕೊಡಿ ಎನ್ನುತ್ತಿದೆ. ಕಿಮೋ ಯಾರಿಗೆ ಬೇಕೇ ಬೇಕು ಎನ್ನುವುದನ್ನೂ ಈಗ ರಕ್ತದ ಹನಿಯಿಂದ ಅಳೆಯುವ ಯತ್ನ ನಡೆದಿದೆ. ಆಸ್ಟ್ರೇಲಿಯಾದ ಜೀನ್ ಟೈ ಅವರ ತಂಡ, ಎರಡನೇ ಹಂತದ ಕರುಳಿನ ಕ್ಯಾನ್ಸರ್ ಆಪರೇಷನ್ ಆದ 455 ಜನರ ಅಧ್ಯಯನದಲ್ಲಿ, ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಚೂರು ಕಂಡವರಿಗಷ್ಟೇ ಕಿಮೋ ಕೊಟ್ಟು ನೋಡಿತು. ಕಿಮೋ ಪಡೆದವರು ನೂರಕ್ಕೆ 28 ಇರುತ್ತಿದ್ದ ಕಡೆ 15ಕ್ಕೆ ಇಳಿದರು. ರೋಗ ಮರಳಿದ್ದು ಮಾತ್ರ ಹೆಚ್ಚಲಿಲ್ಲ.

ಇಷ್ಟೆಲ್ಲ ನೋಡಿ ಬಂದ ನನ್ನ ಮನಸ್ಸಿನಲ್ಲಿ ಆಳವಾಗಿ ಉಳಿದದ್ದು ಸ್ಟೋಮಾ ಕ್ಲಿನಿಕ್ಕಿನ ಅರ್ಧ ಗಂಟೆ. ಗಡ್ಡೆ ಕೆಳಗಿರುವುದರಿಂದ ಆಪರೇಷನ್ ಆದರೆ ಹೊಟ್ಟೆಯ ಮೇಲೆ ಚೀಲ ಬರುತ್ತದೆ, ಕೆಲವು ತಿಂಗಳಿಗೋ, ಕಾಯಂ ಆಗಿಯೋ. ಅದನ್ನು ಕಣ್ಣಾರೆ ಕಂಡರೆ ಹೆದರಿಕೆ ಕಡಿಮೆಯಾಗುತ್ತದೆ ಎಂದು ಮುಂಚಿತವಾಗಿಯೇ ಕರೆಸಿದ್ದರು. ಮಲದ ಮಾತನ್ನು ನಾವು ಮನೆಯಲ್ಲೂ ಆಡುವುದಿಲ್ಲ. ಅಣ್ಣ ಎಂಟು ತಿಂಗಳ ರಕ್ತವನ್ನು ಮೂರು ತಿಂಗಳು ವೈನಿಗೂ ಹೇಳಿರಲಿಲ್ಲ. ಅಲ್ಲಿ ಸಿಸ್ಟರ್ ಒಬ್ಬರು ಚೀಲವನ್ನು ಮೇಜಿನ ಮೇಲಿಟ್ಟು, ತರಕಾರಿ ಚೀಲದ ಮಾತಾಡುವಷ್ಟು ಸಲೀಸಾಗಿ, ಹೀಗೆ ಅಂಟಿಸುವುದು, ಹೀಗೆ ಖಾಲಿ ಮಾಡುವುದು ಎಂದು ತೋರಿಸಿದರು. ಆಮೇಲೆ ಮಾರ್ಕರ್ ಪೆನ್ನು ತೆಗೆದರು. ಆಪರೇಷನ್ ಹೊತ್ತಿಗೆ ಗುರುತು ಹೇಗೆ ಹಾಕುತ್ತಾರೆ ಎಂದು ತೋರಿಸಲು ಕೇಳತೊಡಗಿದರು. ಪ್ಯಾಂಟೋ ಧೋತರವೋ? ಧೋತರ. ಗಂಟು ಎಲ್ಲಿ ಬರುತ್ತದೆ, ತೋರಿಸಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿ. ಈಗ ಬಗ್ಗಿ, ಕಳೆ ಕೀಳುವ ಹಾಗೆ. ಯಾವ ಭುಜದ ಮೇಲೆ ಮೂಟೆ ಹೊರುತ್ತೀರಿ? ಹೊಟ್ಟೆ ಎಲ್ಲಿ ಮಡಿಕೆ ಬೀಳುತ್ತದೆ, ಧೋತರದ ಗಂಟು ಎಲ್ಲಿ ಉಜ್ಜುತ್ತದೆ, ಅಣ್ಣನ ಕಣ್ಣಿಗೆ ಆ ಜಾಗ ತಾನಾಗಿ ಕಾಣುತ್ತದೆಯೇ ಎಂದೆಲ್ಲ ನೋಡಿ, ಹೊಕ್ಕುಳಿನ ಬಲಕ್ಕೆ, ತುಸು ಕೆಳಗೆ ಒಂದು ಚುಕ್ಕೆ ಇಟ್ಟರು. ನ್ಯೂಯಾರ್ಕಿನ ಔಷಧವೂ ರೋಗಿಗೆ ತಕ್ಕ ಚಿಕಿತ್ಸೆಯೇ. ಆದರೆ ಒಬ್ಬ ಒಕ್ಕಲಿಗ ಹೊಲದಲ್ಲಿ ಹೇಗೆ ಬಗ್ಗುತ್ತಾನೆ ಎಂದು ನೋಡಿ ಇಟ್ಟ ಆ ಚುಕ್ಕೆಗಿಂತ ತಕ್ಕದ್ದನ್ನು ನಾನು ಆ ಹದಿನೈದು ದಿನಗಳಲ್ಲಿ ಕಾಣಲಿಲ್ಲ.

ಬ್ಲಾಕ್ ವಾಪಸು ಕೊಟ್ಟರು. ಒಂದಿಷ್ಟು ಸವೆದಿತ್ತು, ಚುಕ್ಕೆಗಳು ಇನ್ನೂ ಇದ್ದವು. ಜೋಪಾನ ಮಾಡಿ, ಮುಂದೆ ಬೇಕಾಗಬಹುದು ಎಂದರು. ವೈನಿ ಅದನ್ನು ತಾಳಿಯ ರಶೀದಿ, ಆಧಾರ್ ಕಾರ್ಡುಗಳ ಜೊತೆ ಕೈಚೀಲದ ಒಳಜೇಬಿನಲ್ಲಿಟ್ಟು ಜಿಪ್ಪು ಎಳೆದರು.

ಹೊರಡುವಾಗ ವೈದ್ಯರು ಎರಡು ಮಾತು ಹೇಳಿದ್ದರು. ಒಂದು, ನಡೆಯಬೇಕು. ಕರುಳಿನ ಕ್ಯಾನ್ಸರಿನ ಆಪರೇಷನ್, ಕಿಮೋ ಮುಗಿಸಿದ 889 ಜನರಲ್ಲಿ, ಕ್ರಮಬದ್ಧವಾಗಿ ವ್ಯಾಯಾಮ ಮಾಡಿಸಿದವರ ಪೈಕಿ ನೂರಕ್ಕೆ 80 ಜನ ಐದು ವರ್ಷ ರೋಗ ಮರಳದೆ ಇದ್ದರು. ಬರೀ ಸಲಹೆ ಪಡೆದವರಲ್ಲಿ 74. ಹೆಚ್ಚಾಗಿ ಕೆನಡಾ, ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ನಡೆದು 2025ರಲ್ಲಿ ಹೊರಬಂದ ಫಲಿತಾಂಶ. ಬಹುಪಾಲು ಜನ ಮಾಡಿದ್ದು ಬಿರುಸಿನ ನಡಿಗೆ. ಎರಡನೆಯದು, ಒಡಹುಟ್ಟಿದವರಿಗೆ ನಲವತ್ತರಿಂದಲೋ ಅಥವಾ ಅಣ್ಣನಿಗೆ ರೋಗ ಕಂಡ ವಯಸ್ಸಿಗಿಂತ ಹತ್ತು ವರ್ಷ ಮೊದಲೋ, ಯಾವುದು ಮುಂಚೆಯೋ ಆಗಿಂದ ಪರೀಕ್ಷೆ ಆಗಬೇಕು. ಅಣ್ಣನ ಬೆನ್ನಿಗೆ ಹುಟ್ಟಿದ ತಮ್ಮನಿಗೆ ಮೂವತ್ತೇಳು.

ಸಂಜೆ ನಾವು ದಾದರ್ ಕಡೆ ನಡೆದೇ ಹೊರಟೆವು. ಹಿಂದಮಾತಾದ ಬಳಿ, ಬಸ್ಸುಗಳ ಗದ್ದಲದ ನಡುವೆ, ಅಣ್ಣ ಫೋನು ಹಚ್ಚಿದ. ಆ ಕಡೆಯಿಂದ ಪಂಪ್‌ಸೆಟ್ಟಿನ ಸದ್ದು ನನಗೂ ಕೇಳುತ್ತಿತ್ತು.

'ಕೊಲೊ... ಕೊಲೊ ಅನ್ನು. ಹ್ಞಾಂ. ಕೊಲೊನೊಸ್ಕೋಪಿ. ಬರಕೊ.'

'ಯಣ್ಣಾ, ನನಗೇನೂ ಆಗಿಲ್ಲಲ್ಲ?'

'ಏನೂ ಆಗಿಲ್ಲದವ್ರಿಗೇ ಅದು. ರಕ್ತ ಬರೂತನಕ ಕಾಯಬ್ಯಾಡ. ಪೆನ್ನು ಸಿಗ್ತೇನು? ಮೊದಲಿಂದ ಹೇಳ್ತೀನಿ, ಬರಕೊ.'